ಮನೆಯೊಂದೂ ಇಲ್ಲದ ಊರಿಗೆ ಇಬ್ಬರು ಸಂಸದರು

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಇಂಗ್ಲೆಂಡಿನಲ್ಲಿ ಹಿಂದೆ ಓಲ್ಡ್ ಸಾರಂ ಎಂಬ ಕ್ಷೇತ್ರವಿತ್ತು, ಅಲ್ಲಿ ಒಬ್ಬ ನಿವಾಸಿಯೂ ಇಲ್ಲದಿದ್ದರೂ ಇಬ್ಬರು ಸದಸ್ಯರು ಸಂಸತ್ತಿಗೆ ಹೋಗುತ್ತಿದ್ದರು ಎಂದು ಓದಿ ಮಕ್ಕಳಿಗೆ ಹೇಳಿದೆ. "ಜನರೇ ಇಲ್ಲದಿದ್ದರೆ ಓಟು ಹಾಕಿದವರು ಯಾರು?" ಎಂದು ಕೇಳಿದರು. ಇದು ನಿಜವೇ? ನಿಜವಾದರೆ ಅಷ್ಟು ವರ್ಷ ಯಾರೂ ಅದನ್ನು ರದ್ದು ಮಾಡಲಿಲ್ಲವೇಕೆ? ಭಾರತಕ್ಕೂ ಆ ಕ್ಷೇತ್ರಕ್ಕೂ ಏನೋ ನಂಟಿತ್ತು ಎನ್ನುತ್ತಾರೆ. ಅದೇನು?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನೀವು ಓದಿದ್ದು ನಿಜ. ಇಂಗ್ಲೆಂಡಿನ ವಿಲ್ಟ್‌ಷೈರ್ ಸೀಮೆಯಲ್ಲಿ, ಸಾಲ್ಸ್‌ಬರಿ ನಗರದಿಂದ ಉತ್ತರಕ್ಕೆ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ ಓಲ್ಡ್ ಸಾರಂ ಎಂಬ ಗುಡ್ಡ ಇದೆ. 1832ರವರೆಗೆ ಈ ಗುಡ್ಡದ ಹೆಸರಿನಲ್ಲಿ ಇಬ್ಬರು ಕಾಮನ್ಸ್ ಸಭೆಯಲ್ಲಿ ಕೂರುತ್ತಿದ್ದರು. 1831ರಲ್ಲಿ ಅದರ ಮತದಾರರು 11 ಮಂದಿ. ಆ ಹನ್ನೊಂದು ಮಂದಿಯಲ್ಲಿ ಒಬ್ಬರೂ ಅಲ್ಲಿ ವಾಸವಾಗಿರಲಿಲ್ಲ. ಅದೇ ಹೊತ್ತಿಗೆ ಜನಸಂಖ್ಯೆ ಲಕ್ಷ ದಾಟಿದ್ದ ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್, ಲೀಡ್ಸ್ ಪಟ್ಟಣಗಳಿಗೆ ತಮ್ಮದು ಎನ್ನುವ ಪ್ರತಿನಿಧಿ ಒಬ್ಬರೂ ಇರಲಿಲ್ಲ.

ನಿಮ್ಮ ಮಕ್ಕಳ ಪ್ರಶ್ನೆಗೆ ಚಿಕ್ಕ ಉತ್ತರ ಬೇಕಿದ್ದರೆ, ಅಲ್ಲಿ ಓಟು ಇದ್ದದ್ದು ನೆಲಕ್ಕೆ. ನೆಲದ ಪತ್ರ ಯಾರ ಕೈಯಲ್ಲಿದೆಯೋ ಓಟೂ ಅವರದು. ಇದು ಹೀಗೆ ಹೇಗಾಯಿತು, ಆದ ಮೇಲೆ ಮುನ್ನೂರು ವರ್ಷ ಹೇಗೆ ಉಳಿಯಿತು ಎಂಬುದನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಇದನ್ನು ಇಂಗ್ಲಿಷರ ಮರೆವು, ಹಳೆಯದರ ಮೇಲಿನ ಮೋಹ ಎಂಬಂತೆ ಬರೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಲಾಭವಿದ್ದವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದುಕೊಂಡು ಬಂದದ್ದರಿಂದಲೇ ಓಲ್ಡ್ ಸಾರಂ ಉಳಿಯಿತು.

ಮೊದಲು ಊರಿನ ಕಥೆ. ಕಬ್ಬಿಣ ಯುಗದ ಜನ ಆ ಗುಡ್ಡದ ಸುತ್ತ ಮಣ್ಣಿನ ಕೋಟೆ ಕಟ್ಟಿದ್ದರು. ರೋಮನ್ನರ ಕಾಲದಲ್ಲಿ ಅಲ್ಲಿ ರಸ್ತೆಗಳು ಕೂಡುತ್ತಿದ್ದವು. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಂ ಆ ಮಣ್ಣಿನ ಆವರಣದ ನಡುವೆ ಕೋಟೆಮನೆ ಎಬ್ಬಿಸಿದ. 1086ರಲ್ಲಿ ದೇಶದ ದೊಡ್ಡ ಜಮೀನುದಾರರನ್ನೆಲ್ಲ ಇಲ್ಲಿಗೇ ಕರೆಸಿ ತನಗೆ ನಿಷ್ಠೆಯ ಪ್ರಮಾಣ ಮಾಡಿಸಿಕೊಂಡ. ಒಂದು ಕಾಲಕ್ಕೆ ಇದು ಎಷ್ಟು ಮುಖ್ಯವಾದ ಜಾಗವಾಗಿತ್ತು ಎಂಬುದಕ್ಕೆ ಅಷ್ಟು ಸಾಕು. ಕೋಟೆಯ ಪಕ್ಕದಲ್ಲೇ ದೊಡ್ಡ ಕ್ಯಾಥೆಡ್ರಲ್ ಎದ್ದಿತು. 1092ರಲ್ಲಿ ಅದರ ಪ್ರತಿಷ್ಠೆಯಾಗಿ ಐದೇ ದಿನಕ್ಕೆ ಬಿರುಗಾಳಿಗೆ ಅದು ಜಖಂಗೊಂಡಿತು.

ಗಾಳಿಯೊಂದೇ ತೊಂದರೆಯಾಗಿರಲಿಲ್ಲ. ಗುಡ್ಡದ ಮೇಲೆ ನೀರಿಗೆ ಬರ. ಒಂದೇ ಆವರಣದಲ್ಲಿ ಪಾದ್ರಿಗಳೂ ಸೈನಿಕರೂ ಇದ್ದುದರಿಂದ ಜಗಳ ತಪ್ಪುತ್ತಿರಲಿಲ್ಲ. ಕೊನೆಗೆ ಬಿಷಪ್ ರಿಚರ್ಡ್ ಪೂರ್ ಕೆಳಗಿನ ನದೀಬಯಲಿನಲ್ಲಿ ಹೊಸ ಕ್ಯಾಥೆಡ್ರಲಿಗೆ 1220ರಲ್ಲಿ ಅಡಿಗಲ್ಲು ಹಾಕಿಸಿದರು. ಈಗಿನ ಸಾಲ್ಸ್‌ಬರಿ ಹುಟ್ಟಿದ್ದು ಹಾಗೆ. ದೇವರು ಹೋದ ಕಡೆ ಸಂತೆ, ಸಂತೆ ಹೋದ ಕಡೆ ಜನ. ಹಳೆಯ ಕ್ಯಾಥೆಡ್ರಲಿನ ಕಲ್ಲುಗಳನ್ನೂ 14ನೇ ಶತಮಾನದಲ್ಲಿ ರಾಜನ ಅಪ್ಪಣೆ ಪಡೆದು ಹೊಸ ಊರಿನ ಗೋಡೆಗೆ ಸಾಗಿಸಿದರು. 1540ರ ಸುಮಾರಿಗೆ ದೇಶ ಸುತ್ತುತ್ತ ಬಂದ ಜಾನ್ ಲೆಲೆಂಡ್, ಕೋಟೆಯ ಒಳಗಾಗಲಿ ಹೊರಗಾಗಲಿ ಜನ ಇರುವ ಮನೆ ಒಂದೂ ಉಳಿದಿಲ್ಲ ಎಂದು ಬರೆದಿಟ್ಟಿದ್ದಾನೆ.

ಊರು ಹೋಯಿತು, ಸಂಸತ್ತಿನ ಸ್ಥಾನ ಹೋಗಲಿಲ್ಲ. ಮೊದಲನೇ ಎಡ್ವರ್ಡ್ ದೊರೆ 1295ರಲ್ಲಿ ಕರೆದ ಸಂಸತ್ತಿನಿಂದ ಈ ಊರಿಗೆ ಇಬ್ಬರನ್ನು ಕಳಿಸುವ ವಾಡಿಕೆ ಆರಂಭವಾಗಿತ್ತು. ಇಂಥ ಪಟ್ಟಣಗಳನ್ನು ಬರೋ ಎನ್ನುತ್ತಾರೆ. ಆ ಕಾಲಕ್ಕೆ ಸಂಸತ್ತಿಗೆ ಆಳು ಕಳಿಸುವುದು ಗೌರವಕ್ಕಿಂತ ಹೊರೆಯೇ ಹೆಚ್ಚು. ಹೋದವರಿಗೆ ದಿನಕ್ಕೆ ಎರಡು ಶಿಲ್ಲಿಂಗ್ ಭತ್ಯೆಯನ್ನು ಊರಿನವರೇ ಕೊಡಬೇಕಿತ್ತು. ನಮಗೆ ಈ ಭಾಗ್ಯ ಬೇಡ ಎಂದು ರಾಜನಿಗೆ ಅರ್ಜಿ ಹಾಕಿಕೊಂಡ ಪಟ್ಟಣಗಳೂ ಇದ್ದವು. ಒಂದೆರಡು ಶತಮಾನಗಳಲ್ಲಿ ಕಾಲ ತಿರುಗಿತು. ತೆರಿಗೆ, ಕಾನೂನು, ಮಂತ್ರಿಗಿರಿ ಎಲ್ಲಕ್ಕೂ ಕಾಮನ್ಸ್ ಸಭೆಯೇ ಬಾಗಿಲಾದ ಮೇಲೆ, ಭತ್ಯೆ ಕೇಳದೆ ತಮ್ಮದೇ ಖರ್ಚಿನಲ್ಲಿ ಹೋಗಲು ಶ್ರೀಮಂತರು ಮುಗಿಬಿದ್ದರು.

ಒಂದೊಂದು ಬರೋದಲ್ಲಿ ಓಟಿನ ಹಕ್ಕು ಒಂದೊಂದು ಬಗೆ. ಕೆಲವು ಕಡೆ ಸ್ವಂತ ಒಲೆ ಇದ್ದ ಪ್ರತಿ ಗಂಡಸಿಗೂ ಓಟು, ಕೆಲವು ಕಡೆ ನಗರಸಭೆಯ ಹತ್ತಿಪ್ಪತ್ತು ಮಂದಿಗೆ ಮಾತ್ರ. ಓಲ್ಡ್ ಸಾರಂನಲ್ಲಿ ಅದು ಬರ್ಗೇಜ್ ಎಂಬ ಹಳೆಯ ನಿವೇಶನಗಳಿಗೆ ಅಂಟಿಕೊಂಡಿತ್ತು. ನಮ್ಮ ಹಳ್ಳಿಗಳಲ್ಲಿ ಶಾನುಭೋಗಿಕೆಯ ಜೊತೆ ಇನಾಮು ಜಮೀನು ಬರುತ್ತಿತ್ತಲ್ಲ, ಇಲ್ಲಿ ಅದು ತಿರುವುಮುರುವು: ಜಮೀನಿನ ಜೊತೆ ಅಧಿಕಾರ ಬರುತ್ತಿತ್ತು. ನಿವೇಶನದಲ್ಲಿ ಮನೆ ಇರಬೇಕೆಂದಿಲ್ಲ, ಮಾಲೀಕ ಅಲ್ಲಿ ಒಂದು ರಾತ್ರಿ ಮಲಗಿದ್ದಿರಬೇಕೆಂದೂ ಇಲ್ಲ. ಉತ್ತು ಬಿತ್ತಿದ ಹೊಲವಾದರೂ ಅದಕ್ಕೆ ಓಟಿತ್ತು. ನಿವೇಶನಗಳನ್ನೆಲ್ಲ ಒಬ್ಬನೇ ಕೊಂಡುಬಿಟ್ಟರೆ ಕ್ಷೇತ್ರವೇ ಅವನದಾಯಿತು. ಚುನಾವಣೆ ಹತ್ತಿರ ಬಂದಾಗ ನಂಬಿಕಸ್ಥರ ಹೆಸರಿಗೆ ಒಂದೊಂದು ನಿವೇಶನದ ಪತ್ರ ಮಾಡಿಕೊಟ್ಟು, ಓಟು ಮುಗಿದ ಮೇಲೆ ವಾಪಸು ಪಡೆಯುವುದು ಇಂಥ ಬರೋಗಳಲ್ಲಿ ರೂಢಿಯಾಗಿತ್ತು.

ಚುನಾವಣೆ ಎನ್ನುವುದೂ ಆ ಮಟ್ಟದ್ದೇ. ಊರಿನಲ್ಲಿ ಕಟ್ಟಡವೇ ಇಲ್ಲದ ಕಾರಣ ಗುಡ್ಡದ ಕೆಳಗಿನ ಹೊಲವೊಂದರಲ್ಲಿ ಎಲ್ಮ್ ಮರದಡಿ ಡೇರೆ ಹಾಕುತ್ತಿದ್ದರು. ಚುನಾವಣಾಧಿಕಾರಿಯಾದ ಬೇಲಿಫ್ ಕೂಡ ಜಮೀನುದಾರನ ಕಡೆಯವನೇ. ನಾಲ್ಕಾರು ಮಂದಿ ಸೇರಿ, ಯಜಮಾನ ಮೊದಲೇ ತೀರ್ಮಾನಿಸಿದ ಎರಡು ಹೆಸರುಗಳನ್ನು ಹೇಳಿ ಬರೆಸಿದರೆ ಮುಗಿಯಿತು. ಜನ ಆ ಮರವನ್ನು ಪಾರ್ಲಿಮೆಂಟ್ ಮರ ಎಂದು ಕರೆಯುತ್ತಿದ್ದರು.

ಈಗ ಭಾರತದ ನಂಟಿಗೆ ಬರುತ್ತೇನೆ. ಈ ಭಾಗ ನಮ್ಮ ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ, ಬರಬೇಕು.

1690ರ ದಶಕದ ಆರಂಭದಲ್ಲಿ ಓಲ್ಡ್ ಸಾರಂ ಅನ್ನು ಕೊಂಡವನು ಥಾಮಸ್ ಪಿಟ್. ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇಲ್ಲದೆ ಬಂಗಾಳಕ್ಕೆ ಬಂದು ಸ್ವಂತ ವ್ಯಾಪಾರ ಮಾಡಿ, ಕಂಪನಿಯ ಜೊತೆ ವರ್ಷಗಟ್ಟಲೆ ಕಾದಾಡಿ ಹಣ ಮಾಡಿದವನು. ಸೋಲಿಸಲಾಗದವನನ್ನು ಕಂಪನಿ ಕೊನೆಗೆ ತನ್ನವನನ್ನಾಗಿ ಮಾಡಿಕೊಂಡಿತು. 1698ರಿಂದ 1709ರವರೆಗೆ ಅವನು ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್. 1702ರಲ್ಲಿ ಮೊಗಲರ ನವಾಬ ದಾವೂದ್ ಖಾನ್ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದಾಗ ತಡೆದು ನಿಂತವನು ಇವನೇ.

ಅಲ್ಲಿದ್ದಾಗ ಜಾಮ್‌ಚಂದ್ ಎಂಬ ದೊಡ್ಡ ವಜ್ರ ವ್ಯಾಪಾರಿಯಿಂದ ಪಿಟ್ ಒಂದು ವಜ್ರ ಕೊಂಡ. ಕೃಷ್ಣಾ ನದಿಯ ಕೆಳದಂಡೆಯ ಕೊಲ್ಲೂರು ಗಣಿಯಲ್ಲಿ ಸಿಕ್ಕಿದ, ಕೊರೆಯುವ ಮುಂಚೆ 410 ಕ್ಯಾರೆಟ್ ತೂಗುತ್ತಿದ್ದ ಕಲ್ಲು. ಜಾಮ್‌ಚಂದ್ ಕೇಳಿದ್ದು ಎರಡು ಲಕ್ಷ ವರಹ, ವ್ಯವಹಾರ ಕುದುರಿದ್ದು 48,000 ವರಹಕ್ಕೆ. 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿ ಆರ್ಲಿಯನ್ಸಿನ ಡ್ಯೂಕ್ ಅದಕ್ಕೆ 1,35,000 ಪೌಂಡ್ ಒಪ್ಪಿಕೊಂಡ. ರೀಜೆಂಟ್ ಎಂಬ ಹೆಸರಿನ ಆ ವಜ್ರ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನ ಆಸ್ತಿ. ಇಲ್ಲೊಂದು ತಪ್ಪು ತಿಳಿವಳಿಕೆ ಹರಡಿದೆ: ಪಿಟ್ ವಜ್ರದ ಹಣದಿಂದ ಓಲ್ಡ್ ಸಾರಂ ಕೊಂಡ ಎಂದು. ವರ್ಷಗಳನ್ನು ನೋಡಿದರೆ ಅದು ಆಗದ ಮಾತು. ಓಲ್ಡ್ ಸಾರಂ ಮೊದಲೇ ಬಂದಿತ್ತು, ಭಾರತದ ಹಳೆಯ ವ್ಯಾಪಾರದ ಲಾಭದಿಂದ. ವಜ್ರದ ಹಣ ಹೋದದ್ದು ಕಾರ್ನ್‌ವಾಲಿನ ಬೊಕೊನಾಕ್ ಎಸ್ಟೇಟಿನಂಥ ಆಸ್ತಿಗಳಿಗೆ.

ಥಾಮಸ್ ಪಿಟ್ ಹಲವು ಬಾರಿ ತನ್ನ ಗುಡ್ಡದ ಪ್ರತಿನಿಧಿಯಾಗಿ ತಾನೇ ಸಂಸತ್ತಿನಲ್ಲಿ ಕೂತ. ಮುಂದೆ ಆ ಕ್ಷೇತ್ರ ಮನೆತನದ ಇತರ ಆಸ್ತಿಯ ಹಾಗೆ ಕೈಯಿಂದ ಕೈಗೆ ಹೋಯಿತು. 1735ರಲ್ಲಿ ಹಿರಿಯ ಮೊಮ್ಮಗ ಎರಡು ಕಡೆ ಆಯ್ಕೆಯಾಗಿ ಓಲ್ಡ್ ಸಾರಂ ಬಿಟ್ಟುಕೊಟ್ಟಾಗ, ಅದನ್ನು ತಮ್ಮನಿಗೆ ಕೊಡಲಾಯಿತು. ಆ ತಮ್ಮನಿಗೆ ಆಗ 26 ವರ್ಷ, ಹೆಸರು ವಿಲಿಯಂ ಪಿಟ್. ಏಳು ವರ್ಷದ ಯುದ್ಧದಲ್ಲಿ ಫ್ರಾನ್ಸನ್ನು ಮಣಿಸಿ ಬ್ರಿಟಿಷ್ ಸಾಮ್ರಾಜ್ಯವನ್ನು ಹಿಗ್ಗಿಸಿದ ಹಿರಿಯ ಪಿಟ್ ಇವನೇ. ಅವನ ಮಗ ಕಿರಿಯ ವಿಲಿಯಂ ಪಿಟ್, ಅಂದರೆ ಮದರಾಸು ಗವರ್ನರನ ಮರಿಮಗ, 24ನೇ ವಯಸ್ಸಿಗೆ ಪ್ರಧಾನಿಯಾದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಸತ್ತಾಗ ಲಂಡನ್ನಿನಲ್ಲಿ ಅಧಿಕಾರದಲ್ಲಿದ್ದವನು ಅವನೇ.

ಪಿಟ್ ಮನೆತನ ಒಂದು ಉದಾಹರಣೆಯಷ್ಟೇ. ಪ್ಲಾಸಿ ಯುದ್ಧದ ನಂತರ ಕಂಪನಿಯ ನೌಕರರು ಇಲ್ಲಿ ದೋಚಿದ ಹಣ ಹೊತ್ತು ಊರಿಗೆ ಮರಳತೊಡಗಿದರು. ಆ ಹಣಕ್ಕೆ ರಕ್ಷಣೆ ಬೇಕಿತ್ತು, ರಕ್ಷಣೆ ಸಂಸತ್ತಿನಲ್ಲಿ ಸಿಗುತ್ತಿತ್ತು, ಸಂಸತ್ತಿನ ಸ್ಥಾನ ಮಾರುಕಟ್ಟೆಯಲ್ಲಿ ಸಿಗುತ್ತಿತ್ತು. 1767ರಲ್ಲಿ ಲಾರ್ಡ್ ಚೆಸ್ಟರ್‌ಫೀಲ್ಡ್ ತನ್ನ ಮಗನಿಗಾಗಿ ಒಂದು ಸ್ಥಾನಕ್ಕೆ 2,500 ಪೌಂಡ್ ಕೊಡುತ್ತೇನೆಂದಾಗ ದಲ್ಲಾಳಿ ನಕ್ಕುಬಿಟ್ಟನಂತೆ. ಪೂರ್ವದ ಮತ್ತು ವೆಸ್ಟ್ ಇಂಡೀಸಿನ ಶ್ರೀಮಂತರು ಮೂರು ಸಾವಿರಕ್ಕೆ, ನಾಲ್ಕು ಸಾವಿರಕ್ಕೆ, ಕೆಲವನ್ನು ಐದು ಸಾವಿರಕ್ಕೆ ಆಗಲೇ ಎತ್ತಿಕೊಂಡಾಗಿದೆ ಎಂದನಂತೆ. ಚೆಸ್ಟರ್‌ಫೀಲ್ಡನೇ ಮಗನಿಗೆ ಬರೆದ ಪತ್ರದಲ್ಲಿ ಇದು ಇದೆ.

ಈ ಕೊಳ್ಳುವಿಕೆಯ ಬಿಸಿ ಮೈಸೂರಿನ ಚರಿತ್ರೆಗೂ ತಗಲಿದೆ. ಮದರಾಸಿನಲ್ಲಿ ಪಾಲ್ ಬೆನ್‌ಫೀಲ್ಡ್ ಎಂಬ ಕಂಪನಿ ನೌಕರ ಆರ್ಕಾಟಿನ ನವಾಬ ಮಹಮದ್ ಅಲಿಗೆ ವಿಪರೀತ ಬಡ್ಡಿಗೆ ಸಾಲ ಕೊಟ್ಟವರಲ್ಲಿ ಮುಂದಾಳು. ಸಾಲ ತೀರಿಸಲು ನವಾಬ ತಂಜಾವೂರಿನ ಮೇಲೆ ಕಣ್ಣು ಹಾಕಿದ, ರೈತರನ್ನು ಹಿಂಡಿದ. ಬೆನ್‌ಫೀಲ್ಡ್ 1780ರಲ್ಲಿ ವಿಲ್ಟ್‌ಷೈರಿನದೇ ಇನ್ನೊಂದು ಬರೋ ಆದ ಕ್ರಿಕ್‌ಲೇಡಿನಿಂದ ಸಂಸತ್ತಿಗೆ ಬಂದ. ಅವನೂ ಸೇರಿದಂತೆ ಎಂಟು ಮಂದಿ ಅವನ ಹಣದಿಂದಲೇ ಆ ಸಂಸತ್ತಿನಲ್ಲಿದ್ದರು ಎಂದು ಸಂಸದ ಎಡ್ಮಂಡ್ ಬರ್ಕ್ 1785ರ ಫೆಬ್ರವರಿಯಲ್ಲಿ ಆಪಾದಿಸಿದ. ನವಾಬನ ಸಾಲಗಳನ್ನು ವಿಚಾರಣೆಯಿಲ್ಲದೆ ತೀರಿಸಲು ಕಿರಿಯ ಪಿಟ್‌ನ ಸರ್ಕಾರ ಒಪ್ಪಿದ್ದನ್ನು ವಿರೋಧಿಸಿ ಮಾಡಿದ ಭಾಷಣ ಅದು. 1780ರಲ್ಲಿ ಹೈದರ್ ಅಲಿ ಘಟ್ಟ ಇಳಿದು ಬಂದು ಆ ನಾಡನ್ನು ಸುಟ್ಟದ್ದನ್ನು ಬರ್ಕ್ ಅಲ್ಲಿ ಮೈ ನಡುಗುವಂತೆ ಬಣ್ಣಿಸುತ್ತಾನೆ, ಬಣ್ಣಿಸಿ ಅದರ ಹೊಣೆಯನ್ನು ಈ ಸಾಲ ಕೊಟ್ಟವರ ದುರಾಸೆಯ ಮೇಲೆ ಹೊರಿಸುತ್ತಾನೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯಲ್ಲಿ ನಾವು ನೋಡುವ ಪೊಲ್ಲಿಲೂರು ಯುದ್ಧ ಅದೇ ದಂಡಯಾತ್ರೆಯದು. ಬರ್ಕ್ ಸೋತ, ಸಾಲ ಪಾವತಿಯಾಯಿತು. ಇಲ್ಲಿಂದ ಹೋದ ಹಣ ಅಲ್ಲಿ ಸ್ಥಾನವಾಗಿ, ಆ ಸ್ಥಾನ ಇಲ್ಲಿಯ ವಸೂಲಿಗೆ ಬಲವಾಯಿತು. ರಾಟನ್ (ಕೊಳೆತ) ಬರೋಗಳು ಎನಿಸಿಕೊಂಡ ಇಂಥ ಕ್ಷೇತ್ರಗಳು ಇಂಗ್ಲೆಂಡಿನ ಒಳಮನೆಯ ವಿಷಯ ಎನ್ನುವವರಿಗೆ ನಾನು ಈ ಪ್ರಸಂಗವನ್ನು ತೋರಿಸುತ್ತೇನೆ.

ಓಲ್ಡ್ ಸಾರಂ ಮಾತ್ರ 1802ರಲ್ಲಿ ಪಿಟ್ ಮನೆತನದ ಕೈ ಬಿಟ್ಟಿತು. ಕೊಂಡವರು ಕ್ಯಾಲಿಡನ್ ಅರ್ಲ್‌ಗಳು. ಭಾರತದಲ್ಲಿ ಕಂಪನಿಯ ನೌಕರಿಯಿಂದ ಹಣ ಮಾಡಿ ಐರ್ಲೆಂಡಿನಲ್ಲಿ ಜಮೀನು ಕೊಂಡಿದ್ದ ಅಲೆಕ್ಸಾಂಡರ್ ಕುಟುಂಬ ಅದು. 1802ರಿಂದ ಹತ್ತು ವರ್ಷ ಇಲ್ಲಿಂದ ಸಂಸದನಾಗಿದ್ದ ನಿಕೊಲಸ್ ವ್ಯಾನ್ಸಿಟಾರ್ಟ್ ಬಂಗಾಳದ ಗವರ್ನರ್ ಆಗಿದ್ದ ಹೆನ್ರಿ ವ್ಯಾನ್ಸಿಟಾರ್ಟನ ಮಗ. ಭಾರತದ ವ್ಯಾಪಾರದ ಹಣದಿಂದ ಶುರುವಾದ ಕಥೆ ಕೊನೆಯವರೆಗೂ ಕಂಪನಿಯ ನೆರಳಿನಲ್ಲೇ ಸಾಗಿತು.

ಯಾರೂ ಏಕೆ ರದ್ದು ಮಾಡಲಿಲ್ಲ ಎಂದು ಕೇಳಿದ್ದೀರಿ. ಪ್ರಯತ್ನ ಆಗಿತ್ತು. ಓಲ್ಡ್ ಸಾರಂನಿಂದಲೇ ಬಂದ ಹಿರಿಯ ಪಿಟ್ 1766ರಲ್ಲಿ, ಇಂಥ ಬರೋಗಳು ಸಂವಿಧಾನದ ಕೊಳೆತ ಭಾಗ, ಉದುರದಿದ್ದರೆ ಕತ್ತರಿಸಬೇಕಾದೀತು ಎಂಬ ಅರ್ಥದ ಮಾತಾಡಿದ್ದ. ಅವನ ಮಗ ಪ್ರಧಾನಿಯಾಗಿ 1785ರಲ್ಲಿ 36 ಬರೋಗಳನ್ನು ತೆಗೆಯುವ ಮಸೂದೆ ತರಲು ಹೊರಟ. ಅದಕ್ಕಾಗಿ ಹತ್ತು ಲಕ್ಷ ಪೌಂಡ್ ನಿಧಿ ಇಟ್ಟು ಮಾಲೀಕರಿಗೆ ಪರಿಹಾರ ಕೊಡುವ ಯೋಜನೆ ಅವನದು. ಆದರೂ ಸೋತ. ಐರ್ಲೆಂಡನ್ನು ಬ್ರಿಟನ್ನಿನ ಜೊತೆ ಸೇರಿಸಿದಾಗ ಅಲ್ಲಿ ರದ್ದಾದ 80ಕ್ಕೂ ಹೆಚ್ಚು ಬರೋಗಳಿಗೆ ತಲಾ 15,000 ಪೌಂಡ್ ಪರಿಹಾರ ಕೊಟ್ಟೇಬಿಟ್ಟರು. ಜನರ ಪ್ರತಿನಿಧಿಯ ಸ್ಥಾನಕ್ಕೆ ಭೂಸ್ವಾಧೀನದ ಹಾಗೆ ಬೆಲೆ ಕಟ್ಟಿ ಕೊಟ್ಟ ಸರ್ಕಾರಕ್ಕೆ, ಅದು ಆಸ್ತಿಯೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಆಸ್ತಿಯನ್ನು ಕಿತ್ತುಕೊಳ್ಳುವುದಕ್ಕೆ, ಆಸ್ತಿವಂತರೇ ತುಂಬಿದ ಸಭೆ ಒಪ್ಪಬೇಕಿತ್ತು. ಬೀಗ ಬಿದ್ದದ್ದು ಅಲ್ಲಿ.

ಸಮರ್ಥಕರ ಒಂದು ವಾದವನ್ನು ನ್ಯಾಯವಾಗಿ ಹೇಳಬೇಕು. ಸಾಮಾನ್ಯ ಚುನಾವಣೆಯಲ್ಲಿ ಗೆಲ್ಲಲಾರದ ಪ್ರತಿಭಾವಂತರು ಇಂಥ ಬರೋಗಳ ಮೂಲಕ ಸಂಸತ್ತಿಗೆ ಬಂದರು ಎನ್ನುತ್ತಾರೆ. ಪಿಟ್ ತಂದೆ ಮಕ್ಕಳು ಬಂದದ್ದು ಹಾಗೆಯೇ. ಲಂಚವನ್ನು ಅಷ್ಟು ತೀಕ್ಷ್ಣವಾಗಿ ಖಂಡಿಸಿದ ಬರ್ಕ್ ಕೂಡ ಆಗ ಕೂತಿದ್ದದ್ದು ಮಾಲ್ಟನ್ ಎಂಬ, ಶ್ರೀಮಂತನೊಬ್ಬನ ಹಿಡಿತದ ಕ್ಷೇತ್ರದಲ್ಲಿ. ಸರ್ಕಾರದ ವಿರುದ್ಧ ದೇಶದ್ರೋಹದ ಮೊಕದ್ದಮೆ ಎದುರಿಸಿ ಖುಲಾಸೆಯಾಗಿದ್ದ ಸುಧಾರಣಾವಾದಿ ಜಾನ್ ಹಾರ್ನ್ ಟುಕ್ 1801ರಲ್ಲಿ ಗೆದ್ದದ್ದು ಓಲ್ಡ್ ಸಾರಂನಿಂದಲೇ. ಅವನು ಹಿಂದೆ ಪಾದ್ರಿಯಾಗಿದ್ದ ಕಾರಣಕ್ಕೆ, ಪಾದ್ರಿಗಳು ಕಾಮನ್ಸಿಗೆ ಬರಕೂಡದೆಂದು ಆ ವರ್ಷವೇ ಕಾಯ್ದೆ ಮಾಡಿದರು. ಆ ನಿಷೇಧ 2001ರವರೆಗೂ ಇತ್ತು. ಇವೆಲ್ಲ ನಿಜ. ಆದರೆ ಯಜಮಾನನ ಕೃಪೆಯಿಂದ ಬಂದ ಪ್ರತಿಭೆ ಯಜಮಾನನಿಗೆ ಬೇಸರವಾದ ದಿನ ಹೊರಗೆ. ಬೆರಳೆಣಿಕೆಯ ದೊಡ್ಡ ಹೆಸರುಗಳನ್ನು ತೋರಿಸಿ, ಲಕ್ಷಾಂತರ ಜನರಿಗೆ ಇಲ್ಲದೆ ಹೋದ ಧ್ವನಿಯನ್ನು ತೂಗಲು ಬರುವುದಿಲ್ಲ.

ಆ ಜನ ಸುಮ್ಮನೆ ಕೂತಿರಲಿಲ್ಲ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಬಯಲಿನಲ್ಲಿ ಸುಮಾರು 60,000 ಮಂದಿ ಸೇರಿ ಪ್ರಾತಿನಿಧ್ಯ ಕೇಳಿದರು. ನೇಕಾರರು, ನೂಲುವವರು, ಹಬ್ಬದ ಬಟ್ಟೆ ತೊಟ್ಟ ಹೆಂಗಸರು ಮಕ್ಕಳು. ಅವರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದರು. ಕನಿಷ್ಠ 15 ಮಂದಿ ಸತ್ತರು, ನೂರಾರು ಜನ ಗಾಯಗೊಂಡರು. ಮುಂದಿನ ವರ್ಷದ ಚುನಾವಣೆಯಲ್ಲಿ ಮ್ಯಾಂಚೆಸ್ಟರಿಗೆ ಒಂದೂ ಸ್ಥಾನ ಇರಲಿಲ್ಲ, ಓಲ್ಡ್ ಸಾರಂನ ಗುಡ್ಡಕ್ಕೆ ಎರಡು ಸ್ಥಾನ ಹಾಗೆಯೇ ಇದ್ದವು. ಪಾಠ ಮಾಡುವಾಗ ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಡಿ. ಮಕ್ಕಳಿಗೆ ಬೇರೆ ವಿವರಣೆ ಬೇಕಾಗದು.

1830ರಲ್ಲಿ ಅರ್ಲ್ ಗ್ರೇ ಪ್ರಧಾನಿಯಾದ ಮೇಲೆ 1831ರ ಮಾರ್ಚ್ 1ರಂದು ಲಾರ್ಡ್ ಜಾನ್ ರಸೆಲ್ ಸುಧಾರಣಾ ಮಸೂದೆ ಮಂಡಿಸಿದ. ಇಂಗ್ಲೆಂಡಿನ ಪ್ರಾತಿನಿಧ್ಯದ ಕೀರ್ತಿ ಕೇಳಿ ಬಂದ ಪರದೇಶಿಯೊಬ್ಬನಿಗೆ ಪಾಳುಬಿದ್ದ ದಿಬ್ಬವೊಂದನ್ನು ತೋರಿಸಿ, ಇದು ಇಬ್ಬರನ್ನು ಸಂಸತ್ತಿಗೆ ಕಳಿಸುತ್ತದೆ ಎಂದರೆ ಅವನಿಗೆ ಏನನಿಸೀತು ಎಂದು ಅವನು ಸಭೆಯನ್ನು ಕೇಳಿದ. ಯಾವ ದಿಬ್ಬ ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಆ ತಿಂಗಳು ಎರಡನೇ ವಾಚನದಲ್ಲಿ ಮಸೂದೆ ಗೆದ್ದದ್ದು ಒಂದೇ ಓಟಿನಿಂದ, 302ಕ್ಕೆ 301. ಮತ್ತೆ ಚುನಾವಣೆ ನಡೆದು ಕಾಮನ್ಸ್ ಒಪ್ಪಿದರೂ ಅಕ್ಟೋಬರಿನಲ್ಲಿ ಲಾರ್ಡ್ಸ್ ಸಭೆ 41 ಓಟುಗಳ ಅಂತರದಿಂದ ತಿರಸ್ಕರಿಸಿತು. ನಾಟಿಂಗ್‌ಹ್ಯಾಮ್, ಡರ್ಬಿ, ಬ್ರಿಸ್ಟಲ್‌ಗಳಲ್ಲಿ ದಂಗೆ ಎದ್ದಿತು. 1832ರ ಮೇ ತಿಂಗಳಲ್ಲಿ ಗ್ರೇ ರಾಜೀನಾಮೆ ಕೊಟ್ಟು, ಸುಧಾರಣೆಯ ವಿರೋಧಿ ವೆಲಿಂಗ್ಟನ್‌ಗೆ ಸರ್ಕಾರ ರಚಿಸಲಾಗದೆ ಹೋಗಿ, ಬೇಕಾದಷ್ಟು ಹೊಸ ಲಾರ್ಡ್‌ಗಳನ್ನು ನೇಮಿಸಲು ದೊರೆ ನಾಲ್ಕನೇ ವಿಲಿಯಂ ಒಪ್ಪಿದ ಮೇಲೆ ಲಾರ್ಡ್ಸ್ ಬಗ್ಗಿತು. ಜೂನ್ 7ರಂದು ಕಾಯ್ದೆಗೆ ಅಂಕಿತ ಬಿದ್ದಿತು. ಎರಡೂ ಸ್ಥಾನ ಕಳೆದುಕೊಂಡ 56 ಬರೋಗಳ ಪಟ್ಟಿಯ ಮೊದಲ ಹೆಸರು ಓಲ್ಡ್ ಸಾರಂ. ಈ ಸಲ ಯಾರಿಗೂ ಪರಿಹಾರ ಕೊಡಲಿಲ್ಲ.

ಈ ಕಾಯ್ದೆ ಎಲ್ಲರಿಗೂ ಓಟು ಕೊಟ್ಟಿತೆಂದು ಮಕ್ಕಳು ತಿಳಿಯದಿರಲಿ. ಮ್ಯಾಂಚೆಸ್ಟರಿಗೆ ಸ್ಥಾನ ಬಂತು, ಆದರೆ ಅಲ್ಲಿಯ ಬಹುತೇಕ ಕೂಲಿಕಾರರಿಗೆ ಓಟು ಬರಲಿಲ್ಲ. ಓಟಿನ ಹಕ್ಕು ಗಂಡಸರಿಗೆ ಎಂದು ಕಾನೂನಿನಲ್ಲಿ ಬಿಡಿಸಿ ಬರೆದದ್ದು ಆಗಲೇ. ಗುಟ್ಟಾಗಿ ಓಟು ಹಾಕುವ ವ್ಯವಸ್ಥೆಗೆ 1872ರವರೆಗೆ ಕಾಯಬೇಕಾಯಿತು.

ಇನ್ನು ಗುಡ್ಡದ ವಿಷಯ. ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1834ರಲ್ಲಿ ಅದನ್ನು ಜಲವರ್ಣದಲ್ಲಿ ಚಿತ್ರಿಸಿ ಪ್ರದರ್ಶಿಸಿದ್ದ. 1909ರಿಂದ 1915ರವರೆಗೆ ಅಲ್ಲಿ ಉತ್ಖನನ ನಡೆದು ಕೋಟೆಮನೆಯ ಬುನಾದಿಯೂ ಹಳೆಯ ಕ್ಯಾಥೆಡ್ರಲಿನ ತಳಪಾಯವೂ ಕಂಡವು. ಇಂದು ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ನಿಮ್ಮ ಬಂಧುಗಳು, ಹಳೆಯ ವಿದ್ಯಾರ್ಥಿಗಳು ಯಾರಾದರೂ ಇಂಗ್ಲೆಂಡಿನಲ್ಲಿದ್ದು ಸ್ಟೋನ್‌ಹೆಂಜ್ ನೋಡಲು ಹೋಗುವುದಾದರೆ, ಸಾಲ್ಸ್‌ಬರಿಯ ಹಾದಿಯಲ್ಲೇ ಸಿಗುವ ಈ ಗುಡ್ಡಕ್ಕೂ ಒಂದು ಗಂಟೆ ಕೊಡಲು ಹೇಳಿ. ಭಾರತದ ಹಣ ಎಲ್ಲಿಯವರೆಗೆ ಹೋಗಿತ್ತು ಎಂಬುದನ್ನು ನಮ್ಮವರು ಕಣ್ಣಾರೆ ನೋಡಬೇಕು.